ಶೆಫೀಲ್ಡ್‌ನಲ್ಲಿ ಎರಡು ದಿನ, ಮೂರು ಹಳೆಯ ಫುಟ್‌ಬಾಲ್ ಮೈದಾನಗಳು

ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳ ಚರಿತ್ರೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಮೊದಲು ಲಂಡನ್ನಿನ ವೆಂಬ್ಲಿಗೆ ಹೋಗುವುದುಂಟು. ಆದರೆ ಅಲ್ಲಿ ಈಗ ಇರುವುದು 2007ರಲ್ಲಿ ತೆರೆದ ಹೊಸ ಕಟ್ಟಡ. ಚರಿತ್ರೆಯೇ ಮುಖ್ಯವೆನ್ನುವವರಿಗೆ ನಾನು ಸೂಚಿಸುವ ಊರು ಶೆಫೀಲ್ಡ್. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಅಲ್ಲಿಗೆ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಬೇಕು. ನಾನು ಅಕ್ಟೋಬರಿನ ಒಂದು ಶುಕ್ರವಾರ ಮತ್ತು ಶನಿವಾರವನ್ನು ಅಲ್ಲಿ ಕಳೆದೆ.

ಪ್ರವಾಸದ ದಿನಾಂಕವನ್ನು ಸ್ಯಾಂಡಿಗೇಟ್ ಮೈದಾನದ ಪಂದ್ಯ ನೋಡಿಕೊಂಡೇ ನಿಶ್ಚಯಿಸಿ. ಹ್ಯಾಲಮ್ ಕ್ಲಬ್ಬಿನ ಈ ಮೈದಾನದಲ್ಲಿ 1860ರ ಡಿಸೆಂಬರ್ 26ರಂದು ಹ್ಯಾಲಮ್ ಮತ್ತು ಶೆಫೀಲ್ಡ್ ಕ್ಲಬ್ಬುಗಳು ಆಡಿದವು. ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನವೆಂಬ ದಾಖಲೆ ಇದರದು. ಕ್ರಾಸ್‌ಪೂಲ್ ಬಡಾವಣೆಯ ದಿಬ್ಬದ ಮೇಲಿರುವುದರಿಂದ ಆಟದ ಹುಲ್ಲುನೆಲವೇ ಇಳಿಜಾರಾಗಿದೆ. ಶನಿವಾರ ಮಧ್ಯಾಹ್ನ ಅಂಚಿನ ಕಂಬಿಗೆ ಒರಗಿ, ಆಟಗಾರರ ಉಸಿರು ಕೇಳಿಸುವಷ್ಟು ಹತ್ತಿರದಿಂದ ಪಂದ್ಯ ನೋಡಿದ್ದು ನನಗೆ ಇಡೀ ಪ್ರವಾಸದ ಅತ್ಯುತ್ತಮ ಗಳಿಗೆ. ಮಳೆಯಂಗಿ ಮತ್ತು ಗಟ್ಟಿ ಬೂಟು ಇರಲಿ.

ರೈಲು ನಿಲ್ದಾಣದಿಂದ ಸುಮಾರು ಇಪ್ಪತ್ತು ನಿಮಿಷ ನಡೆದರೆ ಬ್ರಾಮಲ್ ಲೇನ್ ಸಿಗುತ್ತದೆ. 1855ರಲ್ಲಿ ಕ್ರಿಕೆಟ್ಟಿಗಾಗಿ ತೆರೆದ ಇಲ್ಲಿ 1878ರಲ್ಲಿ ವಿದ್ಯುದ್ದೀಪಗಳ ಬೆಳಕಿನಲ್ಲಿ ಫುಟ್‌ಬಾಲ್ ನಡೆಯಿತು, 1902ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಟೆಸ್ಟ್ ಪಂದ್ಯವೂ ನಡೆಯಿತು. ಇಲ್ಲಿ ಆಡುತ್ತಿದ್ದ ವೆನ್ಸ್‌ಡೇ ಎಂಬ ಫುಟ್‌ಬಾಲ್ ಕ್ಲಬ್ 1887ರಲ್ಲಿ ಬೇರೆಡೆಗೆ ಹೋಯಿತು. ಮೈದಾನ ಬರಿದಾಗಬಾರದೆಂದು 1889ರಲ್ಲಿ ಶೆಫೀಲ್ಡ್ ಯುನೈಟೆಡ್ ಹುಟ್ಟಿತು. ತಂಡಕ್ಕಾಗಿ ಮೈದಾನವಲ್ಲ, ಮೈದಾನಕ್ಕಾಗಿ ತಂಡ! 1973ರವರೆಗೂ ಕ್ರಿಕೆಟ್ ಮುಂದುವರಿದಿದ್ದರಿಂದ ಫುಟ್‌ಬಾಲ್ ಪ್ರೇಕ್ಷಕರಿಗೆ ಮೂರೇ ಕಡೆ ಜಾಗವಿತ್ತು. ತೆರೆದಿದ್ದ ನಾಲ್ಕನೆಯ ಬದಿಯನ್ನು ಮುಚ್ಚಿದ ದಕ್ಷಿಣದ ಸ್ಟ್ಯಾಂಡ್ ಬಂದದ್ದು 1975ರಲ್ಲಿ. ಒಳಗೆ ಹೋಗಲು ಬಯಸುವವರು ಭೇಟಿಯ ದಿನಗಳನ್ನು ಕ್ಲಬ್ಬಿನ ಜಾಲತಾಣದಲ್ಲಿ ನೋಡಿ ಮುಂಚಿತವಾಗಿ ಕಾಯ್ದಿರಿಸಿಕೊಳ್ಳಬೇಕು.

ಊರ ನಡುವಿನಿಂದ ಟ್ರಾಮ್ ಹತ್ತಿ ಲೆಪಿಂಗ್ಸ್ ಲೇನ್‌ನಲ್ಲಿ ಇಳಿದರೆ, 1899ರಿಂದ ವೆನ್ಸ್‌ಡೇ ತಂಡದ ಮನೆಯಾಗಿರುವ ಹಿಲ್ಸ್‌ಬರೋ ಹತ್ತಿರದಲ್ಲೇ ಇದೆ. 1989ರ ಏಪ್ರಿಲ್ 15ರಂದು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಣ ಎಫ್.ಎ. ಕಪ್ ಸೆಮಿಫೈನಲ್‌ನಲ್ಲಿ, ಲೆಪಿಂಗ್ಸ್ ಲೇನ್ ತುದಿಯ ಬೇಲಿ ಹಾಕಿದ ಆವರಣಗಳೊಳಗೆ ಜನ ಕಿಕ್ಕಿರಿದು, ಹೊರಬರಲಾಗದೆ ನಲುಗಿ, 97 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಆ ವೇಳೆಗೆ ಸತ್ತಿದ್ದ 96 ಮಂದಿಯನ್ನು ಕಾನೂನುಬಾಹಿರವಾಗಿ ಕೊಲ್ಲಲಾಯಿತೆಂದು 2016ರಲ್ಲಿ ತೀರ್ಪುಗಾರರ ಮಂಡಲಿ ಹೇಳಿತು. ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಮೆಟ್ಟಿಲುಗಳು ಹೋಗಿ ಆಸನಗಳು ಬಂದದ್ದು ಈ ದುರಂತದ ತನಿಖೆಯ 1990ರ ಟೇಲರ್ ವರದಿಯ ನಂತರ. ಆ ತುದಿಯ ಸ್ಟ್ಯಾಂಡ್ ಇಂದಿಗೂ ನಿಂತಿದೆ. ಪಂದ್ಯವಿಲ್ಲದ ದಿನ ಬೆಳಿಗ್ಗೆ ಹೋಗಿ. ಸ್ಮಾರಕದ ಬಳಿ ಜನ ಹೂವು, ತಂಡದ ಶಾಲುಗಳನ್ನಿಟ್ಟು ಮೌನವಾಗಿ ನಿಲ್ಲುತ್ತಾರೆ, ಆಗ ಕ್ಯಾಮೆರಾ ಚೀಲದಲ್ಲೇ ಇರಲಿ.