ಲಂಟಾನ ಕಡಿದರೆ ಸಾಲದು

ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಲಂಟಾನ ಎಂಬ ಕಳೆ ಪೊದೆ ದಟ್ಟವಾಗಿ ಹಬ್ಬಿದ ಜಾಗದಲ್ಲಿ ಬಗ್ಗಿ ನೋಡಿ. ಪೊದೆಯ ಕೆಳಗೆ ಹುಲ್ಲೇ ಕಾಣದು, ಬೆಳಕು ನೆಲ ಮುಟ್ಟಿದರೆ ತಾನೆ? ಜಿಂಕೆ, ಕಡವೆಗಳ ಮೇವು ಹೋಯಿತು ಅಂತಲೇ ಲೆಕ್ಕ.

ಮಚ್ಚಿನಿಂದ ಬುಡಕ್ಕೆ ಕಡಿಯುವುದು ದಂಡ. ಮಳೆ ಬಿದ್ದೊಡನೆ ನಾಲ್ಕಾರು ಚಿಗುರೊಡೆದು ಪೊದೆ ಮೊದಲಿಗಿಂತ ದಟ್ಟವಾಗುತ್ತದೆ. ಬೆಂಕಿ ಇಟ್ಟರೂ ಅಷ್ಟೇ. ಚಿಗುರು ಹೊರಡುವುದು ಕಾಂಡ, ಬೇರು ಕೂಡುವ ಗಂಟಿನಿಂದ. ಹಾಗಾಗಿ ಮೊದಲು ಸುತ್ತಲಿನ ಕೊಂಬೆ ಸವರಿ, ಗುದ್ದಲಿಯಿಂದ ಮಣ್ಣಿನ ಮಟ್ಟಕ್ಕಿಂತ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನೇ ಕತ್ತರಿಸಬೇಕು. ಎತ್ತಿದ ಪೊದೆಯನ್ನು ತಲೆಕೆಳಗಾಗಿ, ಬುಡ ಬಿಸಿಲಿಗೆ ಒಣಗುವಂತೆ ಇಡಿ. ಹಸಿ ಮಣ್ಣಿಗೆ ತಗುಲಿದರೆ ಮತ್ತೆ ಬೇರು ಬಿಡುತ್ತದೆ. ಕಾಯಿ ಹಣ್ಣಾಗುವ ಮುನ್ನ ಈ ಕೆಲಸ ಮುಗಿಯಲಿ.

ಎಲ್ಲರೂ ಕೈಬಿಡುವುದು ಇದರ ನಂತರ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಮರದಡಿ ಬೀಜ ಉದುರಿಸುತ್ತವೆ. ಎರಡು ಮೂರು ಮಳೆಗಾಲವಾದರೂ ಮರಗಳ ಬುಡ ಹುಡುಕಿ ಸಸಿ ಕೀಳಬೇಕು. ಬರಿದಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಚೆಲ್ಲದಿದ್ದರೆ ಕಾಂಗ್ರೆಸ್ ಗಿಡ ಬಂದು ಕೂರುತ್ತದೆ.

ಕಡ್ಡಿ ಸುಡಬೇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ತೊಗಟೆ ಸುಲಿದು ಕುರ್ಚಿ, ಮೇಜು ಹೆಣೆಯುತ್ತಾರೆ.