ಹಿತ್ತಾಳೆ ನಟ್ ಯಾಕೆ ಅಂತ ಕೇಳುವವರಿಗೆ

ದಾವಣಗೆರೆಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು, ಯಾರಾದರೊಬ್ಬರು ಬಂದು ಬಗ್ಗಿ ನೋಡುತ್ತಾರೆ. "ಮೇಡಂ, ಗಾಡಿ ಇಷ್ಟು ಚೆನ್ನಾಗಿ ಇಟ್ಟಿದ್ದೀರಿ, ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ ಯಾಕೆ? ಸ್ಟೇನ್‌ಲೆಸ್ ಹಾಕಿಸಿಬಿಡಿ. ಸುಮ್ನೆ ಒಂದು ನಟ್ ತಾನೆ?" ಆಮೇಲೆ ನನ್ನ ಗಂಡನ ಕಡೆ ತಿರುಗುತ್ತಾರೆ. "ಸಾರ್, ನೀವಾದ್ರೂ ಹೇಳಿ."

ಅವರು ಏನೂ ಹೇಳುವುದಿಲ್ಲ. ಗಾಡಿ ನನ್ನದು. ಅಪ್ಪ ಬಿಟ್ಟುಹೋದ 1984ರ ಅಂಬಾಸಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್. ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿನ ಬಿಸಿ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಕೊಳವೆ. ಎಷ್ಟೋ ವರ್ಷದಿಂದ ಇದೇ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

"ಸುಮ್ನೆ ಒಂದು ನಟ್" ಅನ್ನುವ ಮಾತನ್ನು ಮೊದಲು ಬಿಡಿ. ಆ ಮಾತು ನನಗೆ ಆಗುವುದಿಲ್ಲ. ಕಾರಣ ಇದೆ.

ಚಿತ್ರದುರ್ಗದಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಹಿಂದಿನ ದಿನ ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಮ್ಯಾನಿಫೋಲ್ಡ್ ಪ್ಯಾಕಿಂಗ್, ಅಂದರೆ ಹೊಗೆ ಸೋರದಂತೆ ನಡುವೆ ಇಡುವ ಹಾಳೆ, ಬದಲಾಯಿಸಿಕೊಟ್ಟರು. ಬಿಚ್ಚಿದ ನಟ್‌ಗಳಲ್ಲಿ ಎರಡು ಎಲ್ಲೋ ಕಳೆದುಹೋಗಿದ್ದವು. ಕೆಲಸದ ಹುಡುಗ ಡಬ್ಬಿಯೊಳಗೆ ಕೈಯಾಡಿಸಿ ಎರಡು ಹೊಳೆಯುವ ಸ್ಟೀಲ್ ನಟ್ ತೆಗೆದ. "ನಟ್ ತಾನೆ ಅಕ್ಕಾ, ಕೂರುತ್ತೆ ಬಿಡಿ" ಅಂದ. ಎರಡು ಸುತ್ತು ಕೈಯಲ್ಲೇ ತಿರುಗಿತು. ಆಮೇಲೆ ಹಿಡಿಯಿತು. ಅವನು ಸ್ಪಾನರಿಗೆ ಉದ್ದನೆಯ ಪೈಪ್ ತೂರಿಸಿ ಎಳೆದ. ಕೂತಿತು.

ಬೆಳಿಗ್ಗೆ ಹೊರಟೆವು. ಆನಗೋಡು ದಾಟುವಾಗ ಎಂಜಿನ್ನಿನಿಂದ ಟಿಕ್ ಟಿಕ್ ಅಂತ ಸದ್ದು. ಭರಮಸಾಗರ ಬರುವಷ್ಟರಲ್ಲಿ ಟ್ರ್ಯಾಕ್ಟರ್ ಓಡಿಸಿದ ಹಾಗಿತ್ತು. ರೇಷ್ಮೆ ಸೀರೆಗೆ ಧೂಳು ಬೀಳಬಾರದು ಅಂತ ಕಿಟಕಿ ಎಲ್ಲ ಮುಚ್ಚಿದ್ದೆವು. ಹಿಂದೆ ಕೂತಿದ್ದ ಅಮ್ಮ "ತಲೆ ಸಿಡೀತಿದೆ ಕಣೇ" ಅಂದರು. ನನ್ನ ಎದೆ ಧಸಕ್ಕೆಂದಿತು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಬರುವುದೇ ತಲೆನೋವು.

ಗಾಡಿ ನಿಲ್ಲಿಸಿ ಅಮ್ಮನನ್ನು ನೆರಳಲ್ಲಿ ಕೂರಿಸಿದೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರನ್ನೂ ನನ್ನ ಗಂಡನನ್ನೂ ಬಸ್ಸು ಹತ್ತಿಸಿದೆ. ನಾಲ್ಕೂ ಕಿಟಕಿ ಇಳಿಸಿಕೊಂಡು ನಾನೊಬ್ಬಳೇ ನಿಧಾನಕ್ಕೆ ದುರ್ಗ ಸೇರಿದೆ. ಅಷ್ಟೊತ್ತಿಗೆ ಧಾರೆ ಮುಗಿದಿತ್ತು.

ದುರ್ಗದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ನೋಡಿದರು. ಹುಡುಗ ಹಾಕಿದ್ದು 8 ಎಂಎಂ ನಟ್. ಸ್ಟಡ್ ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ಹೊರಚಾಚಿರುವ, ನಟ್ ಕೂರುವ ಥ್ರೆಡ್ ಸರಳು. ಅದು ಇರುವುದು 5/16 ಇಂಚಿನ ಫೈನ್ ಥ್ರೆಡ್, ಯುಎನ್‌ಎಫ್ ಅನ್ನುವ ಇಂಚಿನ ಅಳತೆ. 5/16 ಇಂಚು ಅಂದರೆ 7.94 ಎಂಎಂ. ಕಣ್ಣಿಗೆ ಎರಡೂ ಒಂದೇ. ಆದರೆ 8 ಎಂಎಂ ನಟ್ಟಿನಲ್ಲಿ ಥ್ರೆಡ್ಡಿಂದ ಥ್ರೆಡ್ಡಿಗೆ 1.25 ಎಂಎಂ ಅಂತರ. ನಮ್ಮ ಸ್ಟಡ್ಡಿನಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಸುಮಾರು 1.06 ಎಂಎಂ. ಎರಡು ಸುತ್ತು ಒಪ್ಪಿಕೊಳ್ಳುತ್ತದೆ, ಮೂರನೆಯದಕ್ಕೆ ಜಗಳ. ಬಲವಂತ ಮಾಡಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ನಟ್ ವಾಷರನ್ನು ಒತ್ತಿಯೇ ಇರುವುದಿಲ್ಲ, ಸಂದಿಯಿಂದ ಹೊಗೆ ಸೋರುತ್ತದೆ. ಅದನ್ನು ಬಿಚ್ಚಲು ಹೋದಾಗ ಸ್ಟಡ್ ಹೆಡ್ಡಿನ ಒಳಗೇ ಮುರಿಯಿತು. ಡ್ರಿಲ್ ಹಾಕಿ ತೆಗೆಯಲು ಒಂದಿಡೀ ದಿನ ಹಿಡಿಯಿತು.

ಹೊಸ ಸ್ಟಡ್ ಕೂರಿಸಿ ಅವರು ನನ್ನ ಕೈಗೆ ಹಿತ್ತಾಳೆ ನಟ್‌ಗಳನ್ನು ಕೊಟ್ಟರು. "ಹಾಳಾದ್ರೆ ನಟ್ ಹಾಳಾಗ್ಲಿ ತಾಯಿ, ಸ್ಟಡ್ ಉಳೀಲಿ. ನಟ್ ಅಂಗಡೀಲಿ ಸಿಗುತ್ತೆ. ಹೆಡ್ ಎಲ್ಲಿಂದ ತರ್ತೀರಿ?"

ನನ್ನ ಉತ್ತರ ಇಷ್ಟೇ. ಹಿತ್ತಾಳೆ ಮೆತ್ತಗಿದೆ. ಅತಿಯಾಗಿ ಬಿಗಿದರೆ ಮೊದಲು ಹೋಗುವುದು ನಟ್ಟಿನ ಥ್ರೆಡ್. ಅದು ಕಬ್ಬಿಣದ ಹಾಗೆ ತುಕ್ಕು ಹಿಡಿದು ಸ್ಟಡ್ಡಿಗೆ ಅಂಟುವುದಿಲ್ಲ. ಬಿಸಿಯಾದಾಗ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಸ್ಟಡ್ಡನ್ನು ಕಚ್ಚಿಕೊಳ್ಳುವುದಿಲ್ಲ. ಅದಕ್ಕೇ ಒಂದು ಸಲ ಎಂಜಿನ್ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಬಿಗಿ ಇನ್ನೊಮ್ಮೆ ನೋಡಬೇಕು. ಅಷ್ಟು ತಾಳ್ಮೆ ಇಲ್ಲದವರು ಹಳೇ ಗಾಡಿ ಇಟ್ಟುಕೊಳ್ಳಬಾರದು.

ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ ಹಾಕಿ ಬಿಗಿದರೆ ಥ್ರೆಡ್ ಉಜ್ಜಿ, ಮೇಲಿನ ಪದರ ಕಿತ್ತು, ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ತುಕ್ಕಾದರೆ ಎಣ್ಣೆ ಬಿಟ್ಟು ಕಾಯಬಹುದು. ಇದಕ್ಕೆ ಗರಗಸವೇ ಗತಿ. ಜೊತೆಗೆ 100 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಸ್ಟೇನ್‌ಲೆಸ್ ಸರಳು 1.7 ಎಂಎಂ ಬೆಳೆಯುತ್ತದೆ, ಬೀಡು ಕಬ್ಬಿಣ 1.1 ಎಂಎಂ ಆಸುಪಾಸು. ಮ್ಯಾನಿಫೋಲ್ಡ್ ಬೀಡಿನದು. ಸ್ಟಡ್ ಅದಕ್ಕಿಂತ ಜಾಸ್ತಿ ಬೆಳೆದರೆ ಹಿಡಿತ ಸಡಿಲವಾಗುತ್ತದೆ, ಅಲ್ವಾ? ಹಿಂದಿನ ಸೈಲೆನ್ಸರ್ ಹ್ಯಾಂಗರಿಗೆ, ಕ್ಲಾಂಪಿಗೆ ನಾನೂ ಸ್ಟೇನ್‌ಲೆಸ್ ಹಾಕಿದ್ದೇನೆ. ಅಲ್ಲಿ ಬಿಸಿ ಕಡಿಮೆ, ಮಳೆ ನೀರು ಜಾಸ್ತಿ. ಹಾಕುವಾಗ ಥ್ರೆಡ್ಡಿಗೆ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಲೇಬೇಕು.

ಇನ್ನು ಕೆಲವರು ಹೈಟೆನ್ಸೈಲ್, ಅಂದರೆ ತುಂಬಾ ಗಟ್ಟಿ ಸ್ಟೀಲ್, ಹಾಕಿ ಅನ್ನುತ್ತಾರೆ. "12.9 ಹಾಕಿ, ಯಾವತ್ತೂ ಮುರಿಯಲ್ಲ." 12.9 ಅನ್ನುವುದು ಬೋಲ್ಟು, ಸ್ಟಡ್ಡುಗಳ ಗಟ್ಟಿತನದ ದರ್ಜೆ. ಆ ಗಟ್ಟಿತನ ಕಾಯಿಸಿ, ತಣಿಸಿ, ಹದ ಮಾಡಿ ಬಂದದ್ದು. ಮ್ಯಾನಿಫೋಲ್ಡ್ ಪಕ್ಕದಲ್ಲಿ ದಿನಾ ಬೇಯಿಸಿದರೆ ಆ ಹದ ಕೆಡುತ್ತದೆ. ನೈಲಾಕ್ ನಟ್ ಅಂತೂ ಬೇಡವೇ ಬೇಡ. ನಟ್ ಸಡಿಲವಾಗದಂತೆ ಹಿಡಿಯುವ ಅದರೊಳಗಿನ ನೈಲಾನ್ ಬಳೆ ತಡೆಯುವುದು ಸುಮಾರು 120 ಡಿಗ್ರಿವರೆಗೆ ಮಾತ್ರ. ಜಿಂಕ್ ಲೇಪನದ ಹೊಳಪು ನೋಡಿ ಮರುಳಾಗಬೇಡಿ, ಜಿಂಕ್ 420 ಡಿಗ್ರಿಗೆ ಕರಗುತ್ತದೆ.

ಪದ್ಮಿನಿ ಕಾರು ಇಟ್ಟವರು ಇದನ್ನು ಓದಿ 5/16 ಕೊಂಡುಕೊಳ್ಳಬೇಡಿ. ಅದು ಇಟಲಿಯ ಫಿಯೆಟ್ 1100ರ ವಂಶ, ಎಲ್ಲ ಮಿಲಿಮೀಟರ್ ಲೆಕ್ಕ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶ, ಇಂಚಿನ ಲೆಕ್ಕ.

ಇಷ್ಟು ಜನ ಕೇಳಿದ್ದಾರಲ್ಲ, ಒಬ್ಬರೂ "ಇದನ್ನು ಬಿಚ್ಚುವುದು ಹೇಗೆ?" ಅಂತ ಕೇಳಿಲ್ಲ. ನನಗೆ ಆ ಪ್ರಶ್ನೆ ಬೇಕು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿ 2014ರಲ್ಲೇ ನಿಂತಿದೆ. ಈಗ ಇರುವ ಹೆಡ್‌ಗಳನ್ನೇ ಕಾಪಾಡಿಕೊಳ್ಳಬೇಕು. ಆದ್ದರಿಂದ ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಬೆಳಿಗ್ಗೆ ಮೊದಲು ಒಂದು ಚೂರು ಬಿಗಿಯುವ ಕಡೆಗೇ ತಿರುಗಿಸಿ, ಕಟ್ಟು ಬಿಡಲಿ. ಆಮೇಲೆ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದೆ ಬನ್ನಿ. ಎಣ್ಣೆ ಬಿಡಿ. ಮತ್ತೆ ಅರ್ಧ ಸುತ್ತು. ಸ್ಪಾನರ್ ಅರ್ಧ ಇಂಚಿನದ್ದೇ ಇರಬೇಕು. 13 ನಂಬರ್ ಸ್ಪಾನರ್ 0.3 ಎಂಎಂ ಸಡಿಲ, ನಟ್ಟಿನ ಮೂಲೆ ಸವೆಸಿಬಿಡುತ್ತದೆ. ಪೈಪ್ ತೂರಿಸುವವರನ್ನು ಗಾಡಿಯ ಹತ್ತಿರ ಬಿಡಬೇಡಿ.

ಇಷ್ಟು ಓದಿದ ಮೇಲೂ ಯಾವ ನಟ್ ಅಂತ ಅನುಮಾನ ಇದ್ದರೆ ಮನೆಗೆ ಬನ್ನಿ. ಥ್ರೆಡ್ ಗೇಜ್ ನನ್ನ ಹತ್ತಿರ ಇದೆ, ಅಳೆದು ಕೊಡುತ್ತೇನೆ. ಬರುವಾಗ ಹಳೇ ಸ್ಟಡ್ ಒಂದನ್ನು ಜೊತೆಗೆ ತನ್ನಿ. ಫೋಟೋ ಕಳಿಸಬೇಡಿ, ಫೋಟೋಕ್ಕೆ ಗೇಜ್ ಹಿಡಿಯಲು ಆಗುವುದಿಲ್ಲ.