ಜೇಬು ಗಡಿಯಾರಗಳು: ಈ ಮಳೆಗಾಲದಲ್ಲಿ ಎಲ್ಲಿಯವರೆಗೆ ಬಂದಿದ್ದೇನೆ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಯಾವ ಗಡಿಯಾರದ ಯಂತ್ರವನ್ನೂ ಬಿಚ್ಚಬಾರದು ಎಂಬುದು ನನ್ನ ಕಟ್ಟಳೆ. ಕೊಡಗಿನ ಥಂಡಿಯಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಗಡಿಯಾರದ ಬಡಿತವನ್ನು ನಿಯಂತ್ರಿಸುವ, ತೀರ ತೆಳುವಾದ ಉಕ್ಕಿನ ಹೇರ್‌ಸ್ಪ್ರಿಂಗ್‌ಗೆ ತುಕ್ಕಿನ ಒಂದು ಚುಕ್ಕೆ ಬಿದ್ದರೂ ಸಾಕು, ನಡಿಗೆ ಕೆಡುತ್ತದೆ. ಆದ್ದರಿಂದ ಮಳೆಯ ತಿಂಗಳುಗಳು ಓದಿಗೆ ಮೀಸಲು. ಹಿಂಬದಿಯ ಮುಚ್ಚಳ ತೆರೆಯುವುದು, ಲೂಪ್ (ಕಣ್ಣಿಗಿಡುವ ಸಣ್ಣ ಭೂತಗನ್ನಡಿ) ಹಿಡಿದು ಗುರುತುಗಳನ್ನು ನೋಡಿ ಬರೆದುಕೊಳ್ಳುವುದು, ಕೂಡಲೇ ಸಿಲಿಕಾ ಜೆಲ್ ಇಟ್ಟ ಡಬ್ಬಿಗೆ ಸೇರಿಸುವುದು.

ಈ ಸಲ ಹೆಚ್ಚು ಹೊತ್ತು ಹಿಡಿದದ್ದು ಪೊಲಿಬೆಟ್ಟದ ಕಡೆಯ ಒಂದು ಮನೆಯಿಂದ ಬಂದ, ಕೀಲಿಯಿಂದ ತಿರುಗಿಸುವ ಬೆಳ್ಳಿಯ ಇಂಗ್ಲಿಷ್ ಗಡಿಯಾರ. ಮುತ್ತಜ್ಜನಿಗೆ ತೋಟದ ದೊರೆ ಕೊಟ್ಟದ್ದು ಎಂದು ಮನೆಯವರ ಮಾತು. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದ ನಾಡಿನಲ್ಲಿ ಇದು ನಂಬಬಹುದಾದ ಕಥೆಯೇ. ಆದರೂ ಗಡಿಯಾರ ಏನು ಹೇಳುತ್ತದೆ ಎಂದು ಕೇಳಬೇಕು. ಮುಚ್ಚಳದ ಒಳಗೆ ನಡೆಯುವ ಸಿಂಹದ ಮುದ್ರೆ ಇದೆ. ಅಂದರೆ ನೂರಕ್ಕೆ 92.5ರಷ್ಟು ಶುದ್ಧ ಬೆಳ್ಳಿ. ಪಕ್ಕದಲ್ಲಿ ಕತ್ತಿಯ ಸುತ್ತ ಮೂರು ಗೋಧಿ ಸಿವುಡುಗಳು. ಅದು ಚೆಸ್ಟರ್ ಪಟ್ಟಣದ ಪರೀಕ್ಷಾ ಕಚೇರಿಯ ಗುರುತು. ಬರ್ಮಿಂಗ್‌ಹ್ಯಾಮ್ ಆಗಿದ್ದರೆ ಲಂಗರು, ಲಂಡನ್ ಆಗಿದ್ದರೆ ಚಿರತೆಯ ತಲೆ ಇರುತ್ತಿತ್ತು. ಪುತ್ತರಿ ಹಬ್ಬಕ್ಕೆ ಕದಿರು ಕೊಯ್ಯುವ ಊರಿನವನಾದ್ದರಿಂದ ಸಿವುಡಿನ ಗುರುತು ನನಗೆ ಒಮ್ಮೆ ನೋಡಿದ್ದೇ ಮನಸ್ಸಿನಲ್ಲಿ ನಿಂತಿತು.

ಮೂರನೆಯದು ವರ್ಷ ಸೂಚಿಸುವ ಅಕ್ಷರ. ಒಂದು ಸುತ್ತು ಮುಗಿದ ಮೇಲೆ ಅದೇ ಅಕ್ಷರ ಬೇರೆ ವಿನ್ಯಾಸದಲ್ಲಿ ಮರಳಿ ಬರುವುದರಿಂದ ಅದರ ಗೆರೆಗಳೂ ಸುತ್ತಲಿನ ಚೌಕಟ್ಟಿನ ಆಕಾರವೂ ಸ್ಪಷ್ಟವಾಗಿ ಕಾಣಬೇಕು. ಇಲ್ಲಿ ಎರಡೂ ಅರ್ಧ ಸವೆದಿವೆ. ಉಳಿದಿರುವುದು ಎರಡು ಸಾಧ್ಯತೆ, ಅವುಗಳ ನಡುವೆ ಸುಮಾರು ಎರಡು ದಶಕಗಳ ಅಂತರ. ಕಾರಣ ಪಾಲಿಶ್. ಮದುವೆಗೋ ಕೈಲ್‌ಪೋಳ್ದ್ ಹಬ್ಬಕ್ಕೋ ಮನೆಯ ಬೆಳ್ಳಿಯನ್ನೆಲ್ಲ ತೊಳೆಸಿ ತಿಕ್ಕಿಸುವಾಗ ಗಡಿಯಾರವನ್ನೂ ಸೇರಿಸಿಬಿಡುತ್ತಾರೆ. ದಯವಿಟ್ಟು ಸೇರಿಸಬೇಡಿ. ಕಪ್ಪಾದ ಬೆಳ್ಳಿಯಿಂದ ನಷ್ಟವಿಲ್ಲ; ಸವೆದ ಮುದ್ರೆಯನ್ನು ಯಾರೂ ಮರಳಿ ತರಲಾರರು. ಸಮಾಧಾನವೆಂದರೆ ಕೇಸಿನ (ಹೊರಕವಚದ) ಮೇಲಿರುವ ಸಂಖ್ಯೆಯೇ ಯಂತ್ರದ ಮೇಲೂ ಇದೆ. ಎರಡೂ ಮೊದಲಿನಿಂದಲೂ ಜೊತೆಗಿದ್ದವು.

ಒಳಗೆ ಫ್ಯೂಸೀ ಇದೆ, ಅಂದರೆ ಸುರುಳಿಯಾಗಿ ತೋಡು ಕೊರೆದ ಹಿತ್ತಾಳೆಯ ಶಂಕು. ಸ್ಪ್ರಿಂಗ್ ಪೂರ್ತಿ ಬಿಗಿದಿರುವಾಗ ಅದರ ಎಳೆತ ಜೋರು, ಸಡಿಲವಾದಂತೆ ಕಡಿಮೆ. ಎಳೆತ ಜೋರಿದ್ದಾಗ, ಸ್ಪ್ರಿಂಗಿನ ಡಬ್ಬಿಯಿಂದ ಶಂಕುವಿಗೆ ಸುತ್ತಿದ ಸರಪಳಿ ಅದರ ಕಿರಿದಾದ ತುದಿಯನ್ನು ಎಳೆಯುತ್ತದೆ, ಕುಗ್ಗಿದಾಗ ಅಗಲವಾದ ಬುಡವನ್ನು. ಹೀಗೆ ಚಕ್ರಗಳಿಗೆ ಸಿಗುವ ಬಲ ಹೆಚ್ಚುಕಡಿಮೆ ಒಂದೇ ಸಮ. ಆ ಸರಪಳಿಯನ್ನು ಲೂಪ್‌ನಲ್ಲಿ ನೋಡಬೇಕು: ಸೈಕಲ್ ಚೈನಿನ ರಚನೆಯೇ, ಆದರೆ ದಪ್ಪ ದಾರಕ್ಕಿಂತ ಅಗಲವಿಲ್ಲ, ಕೊಂಡಿ ಕೊಂಡಿಗೂ ಒಂದೊಂದು ರಿವೆಟ್. ಒಂದು ಕಡೆ ಕಂದು ಬಣ್ಣ ಕಾಣುತ್ತಿದೆ. ವಿರಾಜಪೇಟೆಯ ಹಿರಿಯ ರಿಪೇರಿಗಾರರಿಗೆ ತೋರಿಸಿದೆ. “ಕೀಲಿ ಕೊಡಲೇಬೇಡಿ, ತುಂಡಾದರೆ ಒಳಗೆಲ್ಲ ಬಡಿಯುತ್ತದೆ” ಎಂದರು. ಕೊಟ್ಟಿಲ್ಲ.

ಇನ್ನೊಂದು ‘ಸಿಸ್ಟಂ ರಾಸ್ಕೋಫ್’ ಎಂದು ಬರೆದ, ರೈಲ್ವೆ ಎಂಜಿನ್ ಚಿತ್ರವಿರುವ ನಿಕ್ಕಲ್ ಗಡಿಯಾರ. ರೈಲು ಹಳಿಯೇ ಇಲ್ಲದ ಜಿಲ್ಲೆಗೂ ಇದು ಬಂದಿದೆ! ಜಾರ್ಜ್ ಫ್ರೆಡೆರಿಕ್ ರಾಸ್ಕೋಫ್ 1867ರ ಹೊತ್ತಿಗೆ ಕೂಲಿಕಾರರ ಕೈಗೆಟುಕುವಂತೆ 20 ಫ್ರಾಂಕಿನ ಗಡಿಯಾರ ಮಾಡಿದ. ಭಾಗಗಳನ್ನು 57ಕ್ಕೆ ಇಳಿಸಿದ, ಚಕ್ರವನ್ನು ತಡೆದು ಬಿಡುವ ಲಿವರ್‌ಗೆ ಮಾಣಿಕ್ಯದ ಕಲ್ಲಿನ ಬದಲು ಉಕ್ಕಿನ ಪಿನ್ ಕೂರಿಸಿದ. ಆಮೇಲೆ ಎಷ್ಟೋ ಕಾರ್ಖಾನೆಗಳು ಅದನ್ನೇ ಅನುಸರಿಸಿದವು. ಸಂಗ್ರಾಹಕರು ಇದನ್ನು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯ ಮನುಷ್ಯನ ಜೇಬಿಗೆ ಸಮಯವನ್ನು ತಂದದ್ದು ಇಂಥವೇ.

ಮೂರನೆಯದರ ಡಯಲ್ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತಾ ಎಂದಿದೆ. ಅದು ಮಾರಿದವರ ಹೆಸರು. ಯಂತ್ರದ ಮೇಲೆ ರೆಕ್ಕೆಯುಳ್ಳ ಮರಳುಗಡಿಯಾರದ ಗುರುತಿದೆ, ಅಂದರೆ ಮಾಡಿದವರು ಸ್ವಿಟ್ಜರ್ಲೆಂಡಿನ ಲಾಂಜೀನ್ಸ್. ಮೂರರಲ್ಲಿ ಓಡುತ್ತಿರುವುದು ಇದೊಂದೇ. ಮೊಬೈಲಿನ ಮೈಕಿಗೆ ಹಿಡಿದು ಆ್ಯಪ್‌ನಲ್ಲಿ ನೋಡಿದರೆ ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಮಲಗಿಸಿದಾಗ ಸರಿಯಾಗಿ ನಡೆಯುತ್ತದೆ, ನೆಟ್ಟಗೆ ನಿಲ್ಲಿಸಿದಾಗ ಸಮಯದಲ್ಲಿ ಹಿಂದೆ ಬೀಳುತ್ತದೆ. ಎಣ್ಣೆ ಒಣಗಿರಬೇಕು.

ಮಳೆ ಬಿಟ್ಟು ಬಿಸಿಲು ನಿಂತ ಮೇಲೆ ಮೊದಲು ಇದನ್ನೇ ಬಿಚ್ಚಿ ತೊಳೆಸುವುದು. ಫ್ಯೂಸೀಯ ಸರಪಳಿ ಅದರ ನಂತರ. ಅಷ್ಟರೊಳಗೆ ಆ ಸವೆದ ಅಕ್ಷರಕ್ಕೆ ಓರೆ ಬೆಳಕು ಬಿಟ್ಟು ಹೊಸ ಫೋಟೊಗಳನ್ನು ತೆಗೆಯಬೇಕು.